ನಾಯಿಯ ಮೈಮೇಲಿನ ಉಣ್ಣೆ ಹುಳ ಕೊಲ್ಲುವ ಮಾತ್ರೆಯ ತಾರೀಖು ತಪ್ಪಿಸಿ ಪೆಟ್ಟು ತಿಂದೆವು. ನೀವೆಲ್ಲ ನಾಯಿ, ಬೆಕ್ಕಿನ ಲಸಿಕೆ, ಮಾತ್ರೆಗಳ ಲೆಕ್ಕ ಹೇಗೆ ಇಡುತ್ತೀರಿ?

ಕರಿಯನಮನೆ, ಮೈಸೂರು · ಏಪ್ರಿಲ್ 28

ಬೈಸಿಕೊಳ್ಳೋಕೆ ತಯಾರಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಕರಿಯನಿಗೆ ಐದು ವರ್ಷ. ಲ್ಯಾಬ್. ತಟ್ಟೆ ಸದ್ದು ಕೇಳಿದರೆ ಮಹಡಿ ಮೆಟ್ಟಿಲಿನಿಂದ ಜಾರಿಕೊಂಡೇ ಬರುವ ಜಾತಿ. ಹೋದ ಗುರುವಾರ ಬೆಳಿಗ್ಗೆ ತಟ್ಟೆ ಮುಂದಿಟ್ಟರೆ ಮೂಸಿ ನೋಡಿ, ಹೋಗಿ ಬಚ್ಚಲುಮನೆಯಲ್ಲಿ ಮಲಗಿಕೊಂಡ. ಬಿಸಿಲಿಗೆ ಇರಬೇಕು ಅಂದುಕೊಂಡೆವು. ಶುಕ್ರವಾರ ಸಂಜೆ ಮೂಗಿನಿಂದ ಎರಡು ಹನಿ ರಕ್ತ ನೆಲದ ಮೇಲೆ ಬಿತ್ತು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿದೆ.

ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ಪ್ಲೇಟ್‌ಲೆಟ್ 28,000ಕ್ಕೆ ಇಳಿದಿತ್ತು. ಎರ್ಲಿಕಿಯ ಅಂದರು, ಅಂದರೆ ಉಣ್ಣೆ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬರೆದುಕೊಟ್ಟರು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಉಣ್ಣೆ ಮಾತ್ರೆ ಕೊನೆಗೆ ಹಾಕಿದ್ದು ಯಾವಾಗ?" ನಾನು ಸಂಕ್ರಾಂತಿಗೆ ಅಂದೆ. ಅಮ್ಮ "ಅಯ್ಯೋ ಇಲ್ಲ ಕಣೋ, ಷಷ್ಠಿ ಹೊತ್ತಿಗೆ" ಅಂದರು. ಬಿಲ್ ಹುಡುಕಿದರೆ ಡಿಸೆಂಬರ್ 9. ಹನ್ನೆರಡು ವಾರದ ಮಾತ್ರೆ ಅದು. ಮಾರ್ಚ್ 3ಕ್ಕೇ ಅದರ ಕೆಲಸ ಮುಗಿದಿದೆ.

ಮನೆಗೆ ಬಂದು ಮುಂದಿನ ತಾರೀಖು ಬರೆಯೋಣ ಅಂತ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಮೊಳೆಯಿಂದ ತೆಗೆದೆ. ಅದರ ಹಿಂದೆ ಎಳ್ಳುಕಾಳಿನಷ್ಟಿರುವ ಏಳೆಂಟು ಉಣ್ಣೆ ಸಾಲಾಗಿ ಮೇಲಕ್ಕೆ ಹತ್ತುತ್ತಿದ್ದವು. ಮೈ ಜುಮ್ ಅಂತು. ನಾಯಿ ಮನೆ ಬಿಟ್ಟು ಹೊರಗೆ ಹೋಗೋದು ದಿನಕ್ಕೆ ಎರಡು ಸಲ, ಅದೂ ಬೀದಿ ಕೊನೆಯವರೆಗೆ.

ಕರಿಯ ನಿನ್ನೆಯಿಂದ ಸ್ವಲ್ಪ ಅನ್ನ ತಿನ್ನುತ್ತಿದ್ದಾನೆ. ಊಟದ ಜೊತೆಗೇ ಹೊಸ ಉಣ್ಣೆ ಮಾತ್ರೆಯೂ ಹೋಯಿತು. ನನಗೆ ಬೇಕಾಗಿರೋದು ಮೂರು. ತಾರೀಖು ಹೇಗೆ ನೆನಪಿಡುತ್ತೀರಿ? ಗೋಡೆಯಲ್ಲಿರೋ ಉಣ್ಣೆಗೆ ಏನು ಮಾಡಬೇಕು? ಮನೆಯಲ್ಲಿ ಪುಟ್ಟಿ ಅಂತ ಒಂದು ಬೆಕ್ಕೂ ಇದೆ. ನಾಯಿಗೆ ಅಂತ ತಂದಿದ್ದ, ಕುತ್ತಿಗೆ ಮೇಲೆ ಹಾಕುವ ಹನಿ ಔಷಧಿ ಒಂದು ಟ್ಯೂಬ್ ಉಳಿದಿದೆ. ಅದರಲ್ಲಿ ಅರ್ಧ ಅವಳಿಗೆ ಹಾಕಬಹುದಾ?

ಬೆಕ್ಕಿನಕಣ್ಣು, ಉಡುಪಿ · ಏಪ್ರಿಲ್ 28

ಬೇಡ ಬೇಡ ಬೇಡ. ಮೊದಲು ಆ ಟ್ಯೂಬ್ ಹಿಂದೆ ಪರ್ಮೆತ್ರಿನ್ ಅಂತ ಬರೆದಿದೆಯಾ ನೋಡಿ. ಇದ್ದರೆ ಬೆಕ್ಕಿಗೆ ಅದು ವಿಷ. ನಾಯಿಯ ಲಿವರ್ ಅದನ್ನು ಅರಗಿಸಿಕೊಳ್ಳುತ್ತೆ, ಬೆಕ್ಕಿನದಕ್ಕೆ ಆಗಲ್ಲ.

ನಾನು ಇದನ್ನು ಓದಿ ಕಲಿತವಳಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಚಿನ್ನುಗೆ ಚಿಗಟ ಆಗಿತ್ತು. ಅಂಗಡಿಯವರು "ಸಣ್ಣ ನಾಯಿಯದ್ದೇ ಕೊಡ್ತೇನೆ, ಬೆಕ್ಕಿಗೂ ಆಗ್ತದೆ" ಅಂದರು. ಮಧ್ಯಾಹ್ನ ಹಾಕಿದ್ದು. ಸಂಜೆಗೆ ಕಿವಿ ಅದುರೋಕೆ ಶುರುವಾಯಿತು. ಆಮೇಲೆ ಮುಂಗಾಲು. ರಾತ್ರಿ ಹೊತ್ತಿಗೆ ಇಡೀ ಮೈ ನಡುಕ. ಡಾಕ್ಟರಿಗೆ ಫೋನ್ ಮಾಡಿದರೆ, ಪಾತ್ರೆ ತೊಳೆಯುವ ಸೋಪ್ ನೀರಲ್ಲಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಸುತ್ತಿ ತಕ್ಷಣ ಹೊರಡಿ ಅಂದರು. ಎರಡು ದಿನ ಡ್ರಿಪ್. ಬದುಕಿದಳು, ಈಗಲೂ ನನ್ನ ಕಾಲ ಮೇಲೇ ಮಲಗಿದ್ದಾಳೆ.

ಇನ್ನೊಂದು. ಕರಿಯನಿಗೆ ಆ ಹನಿ ಔಷಧಿ ಹಾಕಿದ ದಿನ ಪುಟ್ಟಿ ಅವನ ಪಕ್ಕ ಮಲಗಿದರೂ, ಅವನ ಮೈ ನೆಕ್ಕಿದರೂ ತೊಂದರೆಯೇ. ಬೆಕ್ಕಿಗೆ ಬೆಕ್ಕಿನದ್ದೇ ಔಷಧಿ ಬೇಕು, ಅದೂ ಅದರ ತೂಕಕ್ಕೆ. "ಅರ್ಧ" ಅನ್ನೋ ಲೆಕ್ಕ ಬೆಕ್ಕಿನ ವಿಷಯದಲ್ಲಿ ಮಾಡಲೇಬೇಡಿ. ಜ್ವರಕ್ಕೆ ಅಂತ ಪ್ಯಾರಸಿಟಮಾಲ್ ಅರ್ಧ ಕೊಟ್ಟು ಬೆಕ್ಕು ಕಳೆದುಕೊಂಡವರು ಇದ್ದಾರೆ.

ಕರಿಯನಮನೆ · ಏಪ್ರಿಲ್ 28

ಪರ್ಮೆತ್ರಿನ್ ಅಂತಲೇ ಇದೆ ಮೇಡಂ. ಕಸದ ಬುಟ್ಟಿಗೆ ಹೋಯಿತು. ಕೈ ನಡುಗುತ್ತಿದೆ.

ಹಳೇಸೂಜಿ, ಚಿಕ್ಕಮಗಳೂರು · ಏಪ್ರಿಲ್ 28

ಸರ್ಕಾರಿ ಪಶುವೈದ್ಯನಾಗಿ 31 ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ನಿಮ್ಮ ನಾಯಿಯನ್ನು ನೋಡಿಕೊಳ್ಳುತ್ತಿರುವ ಡಾಕ್ಟರ ಮಾತೇ ಅಂತಿಮ. ನಾನು ಬರೆಯೋದು ಅದಕ್ಕೆ ಸೇರಿಸಿಕೊಳ್ಳೋದಕ್ಕೆ ಅಷ್ಟೇ.

ನಿಮ್ಮ ಕ್ಯಾಲೆಂಡರ್ ಹಿಂದೆ ಸಿಕ್ಕಿದ್ದು ಕಂದು ನಾಯಿ ಉಣ್ಣೆ. ಜನ ಅದನ್ನು ನಾಯಿಯ ಮೈಮೇಲಿನ ಹುಳ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದು ಗೋಡೆಯ ಹುಳ. ಊಟಕ್ಕೆ ಮಾತ್ರ ನಾಯಿಗೆ ಬರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಒಂದು ಸಲ ರಕ್ತ ಹೀರಿ ಉದುರುತ್ತದೆ. ಪೊರೆ ಕಳಚಿ ಮತ್ತೆ ಹತ್ತುತ್ತದೆ, ಮತ್ತೆ ಉದುರುತ್ತದೆ. ದೊಡ್ಡದಾದ ಮೇಲೆ ಮೂರನೇ ಸಲ. ಹೊಟ್ಟೆ ತುಂಬಿದ ಹೆಣ್ಣು ಬಿರುಕು ಹುಡುಕಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮೇಲಕ್ಕೆ ಹತ್ತೋದು ಅದರ ಬುದ್ಧಿ. ಹಾಗಾಗಿ ಫೋಟೊ ಹಿಂದೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಹೆಂಚಿನ ಕೆಳಗೆ ನೋಡಬೇಕು. ಊಟ ಇಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಮನೆಯೊಳಗೇ ಪೀಳಿಗೆ ಮೇಲೆ ಪೀಳಿಗೆ ನಡೆಸುವ ಉಣ್ಣೆ ಇದು. "ನಮ್ಮ ನಾಯಿ ಹೊರಗೇ ಹೋಗಲ್ಲ" ಅನ್ನೋದು ಇದಕ್ಕೆ ಅನುಕೂಲವೇ.

ಮಾಡಬೇಕಾದ್ದು: ಹಾಸಿಗೆ ಬಟ್ಟೆ ಕುದಿಯುವ ನೀರಲ್ಲಿ ನೆನೆಸಿ ಬಿಸಿಲಿಗೆ ಹಾಕಿ. ಬಿರುಕುಗಳಿಗೆ ಸಿಮೆಂಟೋ ಪುಟ್ಟಿಯೋ ಮೆತ್ತಿ. ಗೋಡೆಗೆ ಔಷಧಿ ಹೊಡೆಸುವುದಾದರೆ ಬೆಕ್ಕು ಇದೆ ಅಂತ ಹೇಳಿ, ಪೂರ್ತಿ ಒಣಗುವವರೆಗೆ ನಾಯಿ, ಬೆಕ್ಕು ಎರಡನ್ನೂ ಬೇರೆ ಕಡೆ ಇಡಿ. ಕಪ್ಪು ಫಿನೈಲ್ ಹಾಕಿ ನೆಲ ಒರೆಸಬೇಡಿ. ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಅದು ಅದಕ್ಕೆ ಆಗದು.

ಇದೆಲ್ಲಕ್ಕಿಂತ ದೊಡ್ಡ ಔಷಧಿ ಕರಿಯನೇ. ಮಾತ್ರೆ ತಿಂದ ನಾಯಿಯ ರಕ್ತ ಹೀರಿದ ಉಣ್ಣೆ ಸಾಯುತ್ತದೆ. ಮನೆಯಲ್ಲಿರುವ ಒಂದೊಂದೂ ಯಾವಾಗಲೋ ಒಮ್ಮೆ ಅವನ ಹತ್ತಿರ ಬರಲೇಬೇಕು. ಮೂರು ತಿಂಗಳಾದರೂ ಬೇಕಾಗುತ್ತದೆ. ನಡುವೆ ಮೈಮೇಲೆ ಉಣ್ಣೆ ಕಂಡರೆ "ಮಾತ್ರೆ ಕೆಲಸ ಮಾಡಲಿಲ್ಲ" ಅಂದುಕೊಳ್ಳಬೇಡಿ. ಅದು ಕಚ್ಚಿದ ಮೇಲೆ ಸಾಯಲು ಕೆಲವು ಗಂಟೆ ಹಿಡಿಯುತ್ತದೆ. ಫಿಟ್ಸ್ ಬರುವ ನಾಯಿ ಇರುವವರು ಈ ಮಾತ್ರೆ ಕೇಳುವ ಮೊದಲು ಡಾಕ್ಟರಿಗೆ ಆ ವಿಷಯ ಹೇಳಿ.

ಮುಧೋಳದಓಟ, ಬಾಗಲಕೋಟೆ · ಏಪ್ರಿಲ್ 29

ನಮಸ್ಕಾರ್ರೀ ಡಾಕ್ಟ್ರ. ನಮ್ಮ ಕಡೆ ಉಣ್ಣಿ ಅಂತೀವಿ. ಎರಡು ಮುಧೋಳ ನಾಯಿ ಸಾಕೀನಿ. ಕೂದಲು ಗಿಡ್ಡ ಅಲ್ವಾ, ಒಂದು ಉಣ್ಣಿ ಕೂತರೂ ದೂರದಿಂದಲೇ ಕಾಣುತ್ತದೆ. ನಮ್ಮ ಅಜ್ಜ ದಿನಾ ಸಂಜೆ ಕಟ್ಟೆ ಮೇಲೆ ಕೂತು ಕೈಯಿಂದ ಕಿತ್ತು ಒಲೆಗೆ ಹಾಕುತ್ತಿದ್ದರು. ಚಟ್ ಅಂತ ಸದ್ದು ಬರುತ್ತಿತ್ತು. ಬೇವಿನೆಣ್ಣೆ, ತಂಬಾಕಿನ ನೀರು, ಇಷ್ಟೇ ಅವರ ಔಷಧಿ. ಅದರಾಗ ಏನೂ ಹುರುಳಿಲ್ಲ ಅಂತೀರಾ?

ಹಳೇಸೂಜಿ · ಏಪ್ರಿಲ್ 29

ನಿಮ್ಮ ಅಜ್ಜನ ದಿನಾ ಸಂಜೆಯ ತಪಾಸಣೆ ಇದೆಯಲ್ಲ, ಅದು ಬಂಗಾರ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಕೈಯಾಡಿಸುವ ಆ ಐದು ನಿಮಿಷವನ್ನು ಬಿಡಬೇಡಿ. ತಂಬಾಕಿನ ನೀರು ಬೇಡವೇ ಬೇಡ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ನೆಕ್ಕಿದರೂ ಹೋಗುತ್ತದೆ. ಬೇವಿನೆಣ್ಣೆಯ ವಾಸನೆ ಸ್ವಲ್ಪ ಹೊತ್ತು ದೂರ ಇಡಬಹುದು, ಆದರೆ ಕೂತ ಉಣ್ಣೆಯನ್ನು ಕೊಲ್ಲುತ್ತದೆ ಅಂತ ನೆಚ್ಚಿಕೊಂಡು ಕೂರಬೇಡಿ.

ಕೀಳುವಾಗ ಹೊಟ್ಟೆ ಹಿಡಿದು ಹಿಚುಕಬಾರದು. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ಬರಿಗೈಯಲ್ಲಿ ಒಡೆಯಬೇಡಿ.

ನಿಮ್ಮದು ಮುಧೋಳ ಆದ್ದರಿಂದ ಒಂದು ಮಾತು. ಓಟದ ತಳಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಅರಿವಳಿಕೆ ಔಷಧಿಗಳಿಂದ ಅವು ಎಚ್ಚರವಾಗೋದು ತಡ. ಆಪರೇಷನ್ ಇದ್ದರೆ ತಳಿ ಯಾವುದು ಅಂತ ಬಾಯಿಬಿಟ್ಟು ಹೇಳಿ.

ತೋಟದಮನೆ, ತೀರ್ಥಹಳ್ಳಿ · ಏಪ್ರಿಲ್ 29

ನಮ್ಮಲ್ಲಿ ಉಣುಗು ಅಂದರೆ ನಾಯಿಗಿಂತ ಮೊದಲು ನಮಗೇ ಭಯ. ಮಂಗನ ಕಾಯಿಲೆ ನೆನಪಾಗುತ್ತದೆ. ನಾಯಿ ಅಡಿಕೆ ತೋಟ ದಾಟಿ ಕಾನಿಗೆ ಹೋಗಿ ಬರುತ್ತದೆ. ಕಟ್ಟಿ ಹಾಕಿದರೆ ಊರೆಲ್ಲ ಕೇಳುವ ಹಾಗೆ ಕೂಗುತ್ತದೆ. ಅದರಿಂದ ನಮಗೆ ಬರಬಹುದಾ ಡಾಕ್ಟ್ರೇ?

ಹಳೇಸೂಜಿ · ಏಪ್ರಿಲ್ 29

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ಗುರುತಾದ ಕಾಯಿಲೆ ಅದು. ಅದನ್ನು ಮುಖ್ಯವಾಗಿ ಹರಡುವುದು ಬೇರೆ ಉಣ್ಣೆ, ಕಾಡಿನ ತರಗೆಲೆಯಲ್ಲಿ ಇರುವಂಥದ್ದು. ಮೈಸೂರಿನವರ ಗೋಡೆಯಲ್ಲಿ ಹತ್ತುತ್ತಿದ್ದದ್ದಲ್ಲ. ನಾಯಿಯ ಜೊಲ್ಲಿನಿಂದಲೋ ಮುಟ್ಟಿದ್ದರಿಂದಲೋ ನಿಮಗೆ ಬರುವ ಕಾಯಿಲೆಯೂ ಅಲ್ಲ. ಆದರೆ ಕಾನಿಗೆ ಹೋದ ನಾಯಿಯ ಮೈ ಹತ್ತಿ ಕಾಡಿನ ಉಣ್ಣೆ ಅಂಗಳಕ್ಕೆ ಬರಬಹುದು. ಚಳಿಗಾಲ ಶುರುವಾದಾಗಿನಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಆ ತಿಂಗಳುಗಳಲ್ಲಾದರೂ ನಾಯಿಯನ್ನು ಕಟ್ಟಿ. ಕೂಗಲಿ. ಉಣ್ಣೆ ಹತ್ತದ ಹಾಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆ ನಿಮ್ಮ ಕೈಕಾಲಿಗೆ ಮಾತ್ರ, ನಾಯಿಗೆ ಬಳಿಯಬೇಡಿ.

ಹೊಸಮರಿ, ಹಾಸನ · ಏಪ್ರಿಲ್ 30

ಮಾತಿನ ಮಧ್ಯೆ ಬರುತ್ತಿದ್ದೇನೆ, ಬೇಜಾರಾಗಬೇಡಿ. ಏಳು ವಾರದ ಮರಿ ತಂದಿದ್ದೇವೆ. ಒಂದು ಇಂಜೆಕ್ಷನ್ ಆಗಿದೆ. ಮಕ್ಕಳು ಪಾರ್ಕಿಗೆ ಕರೆದುಕೊಂಡು ಹೋಗೋಣ ಅಂತ ಹಠ. ಒಂದು ಆದಮೇಲೆ ಮತ್ತೆ ಮತ್ತೆ ಯಾಕೆ? ಅಂಗಡಿಯವರ ವ್ಯಾಪಾರ ಅಂತ ನಮ್ಮ ಮಾವ ಹೇಳುತ್ತಾರೆ.

ನಿಜಾನಾ, ಬೆಂಗಳೂರು · ಏಪ್ರಿಲ್ 30

ಮಾವ ಹೇಳೋದು ಸರಿ ಗುರು. ನಮ್ಮ ಬೀದೀಲಿ ಹತ್ತು ನಾಯಿ ಇವೆ, ಯಾವುದಕ್ಕೂ ಒಂದು ಸೂಜಿ ಚುಚ್ಚಿಲ್ಲ. ಗುಂಡುಕಲ್ಲಿನ ಹಾಗಿವೆ. ಸುಮ್ನೆ ದುಡ್ಡು ಹಾಳು.

ಬೆಕ್ಕಿನಕಣ್ಣು · ಏಪ್ರಿಲ್ 30

ನೀವು ಎಣಿಸಿದ್ದು ಬದುಕಿದವುಗಳನ್ನು. ಒಂದು ಸೂಲಿನಲ್ಲಿ ಹುಟ್ಟಿದ ಏಳು ಮರಿಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಎಷ್ಟು ಉಳಿದವು ಅಂತ ಒಂದು ಸಲ ಎಣಿಸಿ ಬಂದು ಹೇಳಿ.

ಹಳೇಸೂಜಿ · ಏಪ್ರಿಲ್ 30

ಹಾಸನದವರೇ, ಮಾವನಿಗೆ ಹೀಗೆ ಹೇಳಿ. ಮರಿ ಮೊದಲ ದಿನ ಕುಡಿದ ಗಿಣ್ಣುಹಾಲಿನಲ್ಲಿ ತಾಯಿಯ ರಕ್ಷಣೆ ಇರುತ್ತದೆ. ಆ ರಕ್ಷಣೆ ಜೋರಾಗಿರುವಾಗ ಚುಚ್ಚಿದ ಲಸಿಕೆಯನ್ನು ಅದೇ ತಿಂದುಹಾಕುತ್ತದೆ. ಅದು ಯಾವಾಗ ಇಳಿಯುತ್ತದೆ? ಒಂದು ಮರಿಗೆ 8 ವಾರಕ್ಕೆ, ಅದರ ತಮ್ಮನಿಗೇ 14 ವಾರಕ್ಕೆ ಇರಬಹುದು. ಹೊರಗಿನಿಂದ ನೋಡಿ ಹೇಳೋಕೆ ಆಗಲ್ಲ. ಅದಕ್ಕೇ 6–8 ವಾರಕ್ಕೆ ಶುರು ಮಾಡಿ, 3–4 ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಹಾಕೋದು. ಕೊನೆಯದನ್ನು ಬಿಟ್ಟವರ ಮರಿಗಳೇ ಪಾರ್ವೊ ಅನ್ನೋ ವೈರಸ್ ಕಾಯಿಲೆ ಬಂದು ನನ್ನ ಮೇಜಿನ ಮೇಲೆ ಬಂದದ್ದು ಜಾಸ್ತಿ. ರಕ್ತಭೇದಿಯ ಆ ವಾಸನೆ ಒಂದು ಸಲ ಮೂಗಿಗೆ ಬಿದ್ದರೆ ಮರೆಯೋಕೆ ಆಗಲ್ಲ. ಬಾಗಿಲಲ್ಲಿ ಕಾಲಿಡುವಾಗಲೇ ನಮ್ಮ ಕಾಂಪೌಂಡರ್ "ಪಾರ್ವೊ ಸಾರ್" ಅನ್ನುತ್ತಿದ್ದ.

ಪಾರ್ಕು ಬೇಡ. ಹೆಗಲ ಮೇಲೆ ಎತ್ತಿಕೊಂಡು ಬೀದಿ ತೋರಿಸಿ, ಬಸ್ಸಿನ ಸದ್ದು ಕೇಳಿಸಿ. ಲಸಿಕೆ ಮುಗಿಸಿದ ನೆಂಟರ ನಾಯಿಯ ಜೊತೆ ಆಡಲಿ. ಈ ವಯಸ್ಸಿನಲ್ಲಿ ಜನ, ಸದ್ದು ಏನೂ ನೋಡದೆ ಬೆಳೆದರೆ ಮುಂದೆ ಹೆದರುಪುಕ್ಕಲಾಗುತ್ತದೆ. ಹಾಗಂತ ನೆಲಕ್ಕೆ ಬಿಡಬೇಡಿ. ನಿಮ್ಮ ಮನೆಯಲ್ಲಿ ಮೊದಲು ಯಾವುದಾದರೂ ಮರಿ ಪಾರ್ವೊದಲ್ಲಿ ಹೋಗಿತ್ತಾ? ಆ ವೈರಸ್ ಅಂಗಳದಲ್ಲಿ ಒಂದು ವರ್ಷದವರೆಗೂ ಇರಬಲ್ಲದು. ಸಾಮಾನ್ಯ ಫಿನೈಲಿಗೆ ಬಗ್ಗಲ್ಲ. ಬ್ಲೀಚ್ ದ್ರಾವಣ ಒಂದು ಪಾಲಿಗೆ 30 ಪಾಲು ನೀರು ಸೇರಿಸಿ ತೊಳೆಯಬೇಕು.

ಜಂತುಹುಳದ ಔಷಧಿ ಇದಕ್ಕಿಂತಲೂ ಮೊದಲು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಹುಳ ಬಂದಿರುತ್ತದೆ. ಎರಡನೇ ವಾರದಿಂದ ಶುರು ಮಾಡಿ ಹದಿನೈದು ದಿನಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ತಿಂಗಳಿಗೊಮ್ಮೆ, ಆರು ತಿಂಗಳ ಮೇಲೆ ಮೂರು ತಿಂಗಳಿಗೊಮ್ಮೆ. ಮಕ್ಕಳು ಮಣ್ಣಲ್ಲಿ ಆಡುವ ಮನೆಯಲ್ಲಿ ಇದು ಮಕ್ಕಳಿಗಾಗಿಯೂ ಹೌದು.

ಹೊಸಮರಿ · ಏಪ್ರಿಲ್ 30

ಮಾವನಿಗೆ ಓದಿ ಹೇಳಿದೆ. "ಗಿಣ್ಣುಹಾಲಿನ ವಿಷಯ ಮೊದಲೇ ಹೇಳಬಾರದಿತ್ತಾ" ಅಂದರು. ಹಸು ಕಟ್ಟಿದವರು, ಅದು ಅರ್ಥವಾಯಿತು.

ಕಬ್ಬಿನಗದ್ದೆ, ಮಂಡ್ಯ · ಮೇ 1

ರೇಬೀಸ್ ಲಸಿಕೆ ಬಗ್ಗೆ ಯಾರೂ ಬರೆದಿಲ್ಲವಲ್ಲ. ನಾನು ಮಾಡಿದ ತಪ್ಪು ಹೇಳ್ತೀನಿ. ನಾಯಿ ಕಾರು ಹತ್ತಲ್ಲ ಅಂತ ಅಂಗಡಿಯಲ್ಲಿ ಬಾಟಲಿ ತಗೊಂಡು, ಬೈಕಿನ ಡಿಕ್ಕಿಯಲ್ಲಿಟ್ಟು, ನಡುವೆ ನೆಂಟರ ಮನೆಯಲ್ಲಿ ಊಟ ಮುಗಿಸಿ, ಸಾಯಂಕಾಲ ಪರಿಚಯದವರ ಕೈಲಿ ಚುಚ್ಚಿಸಿದೆ. ಎರಡು ವರ್ಷ ಹೀಗೇ ನಡೆದಿತ್ತು. ಆಮೇಲೆ ಡಾಕ್ಟರೊಬ್ಬರು ಬೈದರು. ಲಸಿಕೆ 2ರಿಂದ 8 ಡಿಗ್ರಿ ತಂಪಲ್ಲಿ ಇರಬೇಕಂತೆ. ಡಿಕ್ಕಿಯಲ್ಲಿ ಬೆಂದದ್ದು ನೀರಿಗೆ ಸಮ. ಕಾರ್ಡಿನಲ್ಲಿ ತಾರೀಖು ಸರಿಯಾಗಿತ್ತು, ಆದರೆ ನಾಯಿಗೆ ರಕ್ಷಣೆ ಇತ್ತೋ ಇಲ್ವೋ ದೇವರೇ ಬಲ್ಲ.

ಈಗ ಸೆಪ್ಟೆಂಬರ್ 28ಕ್ಕೆ, ವಿಶ್ವ ರೇಬೀಸ್ ದಿನ, ಪಶು ಆಸ್ಪತ್ರೆಗೇ ಕರೆದುಕೊಂಡು ಹೋಗ್ತೀನಿ. ಆ ದಿನ ಬಹಳ ಕಡೆ ಉಚಿತವಾಗಿ ಹಾಕ್ತಾರೆ. ತಾರೀಖೂ ಮರೆಯಲ್ಲ.

ನಿಜಾನಾ · ಮೇ 1

ಮನೆ ಬೆಕ್ಕಿಗೂ ಬೇಕಾ ಇದು? ಫ್ಲಾಟ್‌ನಲ್ಲಿ ಐದನೇ ಮಹಡಿಯಲ್ಲಿದೆ ನಮ್ಮದು.

ಹಳೇಸೂಜಿ · ಮೇ 1

ಬೇಕು. ಬೆಕ್ಕಿಗೂ ರೇಬೀಸ್ ಬರುತ್ತದೆ, ಬೆಕ್ಕಿನಿಂದಲೂ ಮನುಷ್ಯರಿಗೆ ಬರುತ್ತದೆ. ಮೂರು ತಿಂಗಳಿಗೆ ಮೊದಲ ಸೂಜಿ, ಆಮೇಲೆ ಡಾಕ್ಟರು ಕಾರ್ಡಿನಲ್ಲಿ ಬರೆದ ಹಾಗೆ ಬೂಸ್ಟರ್. ಬಾಗಿಲು ತೆಗೆದಾಗ ಒಂದು ಸಲ ಕೆಳಗಿಳಿದು ಕಚ್ಚಿಸಿಕೊಂಡು ಬಂದರೆ ಸಾಕಲ್ವಾ?

ಯಾವುದೇ ನಾಯಿ, ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ, ರಕ್ತ ಬರದಿದ್ದರೂ, ಅರಿಶಿನ, ಸುಣ್ಣ ಮೆತ್ತಬೇಡಿ. ಹರಿಯುವ ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 15. ಆಮೇಲೆ ಅವತ್ತೇ ಆಸ್ಪತ್ರೆ. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೊಬುಲಿನ್ ಇಂಜೆಕ್ಷನ್ ಬಗ್ಗೆ ನೀವೇ ಕೇಳಿ. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ನಮ್ಮ ಹತ್ತಿರ ಔಷಧಿ ಇಲ್ಲ.

ಬೆಕ್ಕಿನಕಣ್ಣು · ಮೇ 1

ಫ್ಲಾಟ್ ಬೆಕ್ಕಿನವರೇ, ಮೂರು ಕಾಯಿಲೆಗೆ ಸೇರಿಸಿ ಹಾಕುವ ಲಸಿಕೆಯನ್ನೂ ಮರೆಯಬೇಡಿ. ಬೆಕ್ಕಿನ ಪಾರ್ವೊ ನಿಮ್ಮ ಚಪ್ಪಲಿ ಮೇಲೆ ಕೂತೇ ಐದನೇ ಮಹಡಿ ಹತ್ತುತ್ತದೆ. ಗಂಡು ಬೆಕ್ಕಾ? ಮರಳ ತಟ್ಟೆಗೆ ಪದೇ ಪದೇ ಹೋಗಿ ಕೂತು, ಹನಿಯೂ ಬರದೆ ಎದ್ದು ಬಂದರೆ "ಮಲಬದ್ಧತೆ" ಅಂತ ನಾಳೆಗೆ ಬಿಡಬೇಡಿ. ಮೂತ್ರ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಬರೀ ಮೊಸರನ್ನ ಹಾಕುವವರಿಗೆ: ಬೆಕ್ಕಿಗೆ ಟಾರಿನ್ ಬೇಕು, ಅದು ಮಾಂಸ ಮೀನಿನಲ್ಲಿದೆ. ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮಾಂಸ ತರದ ಮನೆ ಆದರೆ ಬೆಕ್ಕಿನದ್ದೇ ಪ್ಯಾಕೆಟ್ ಆಹಾರ ತನ್ನಿ.

ನಮ್ಮ ಕರಾವಳಿಯವರಿಗೆ ಇನ್ನೊಂದು: ಮಳೆ ಶುರುವಾಗುವ ಮುಂಚೆ ನಾಯಿಗೆ ಇಲಿ ಜ್ವರದ ಲಸಿಕೆ ವರ್ಷ ವರ್ಷವೂ ಹಾಕಿಸಿ. ಗದ್ದೆ ನೀರಿನಿಂದ ನಾಯಿಗೆ, ನಾಯಿ ಉಚ್ಚೆಯಿಂದ ನಮಗೆ.

ಅಮ್ಮನಲೆಕ್ಕ, ಧಾರವಾಡ · ಮೇ 2

ತಾರೀಖಿನ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಮ್ಮ ಮನೆಯಲ್ಲಿ ತಿಂಗಳ ಮಾತ್ರೆ ಸಂಕಷ್ಟಿ ದಿನ. ಅಮ್ಮ ಉಪವಾಸ ಇರುತ್ತಾರೆ, ಚಂದ್ರನನ್ನು ನೋಡಿ ಊಟಕ್ಕೆ ಕೂರುವ ಮೊದಲು ನಮ್ಮ ನಾಯಿ ರಾಣಿಗೆ ಮಾತ್ರೆ. ಮೂರು ವರ್ಷದಲ್ಲಿ ಒಂದೂ ತಪ್ಪಿಲ್ಲ. ರಾಣಿಯೂ ಚಂದ್ರೋದಯಕ್ಕೆ ಕಾಯುತ್ತಾಳೆ.

ಕರಿಯನಮನೆ · ಮೇ 2

ಇದು ಅದ್ಭುತ! ಹಾಗಾದರೆ ನಮ್ಮ ಹನ್ನೆರಡು ವಾರದ ಮಾತ್ರೆಗೆ ಮೂರು ಸಂಕಷ್ಟಿ?

ಮುಧೋಳದಓಟ · ಮೇ 2

ತಡೀರಿ. ಸಂಕಷ್ಟಿಯಿಂದ ಸಂಕಷ್ಟಿಗೆ ಇಪ್ಪತ್ತೊಂಬತ್ತೂವರೆ ದಿನ. ಮೂರಾದರೆ 88 ದಾಟುತ್ತದೆ. ಹನ್ನೆರಡು ವಾರ ಅಂದರೆ 84. ನಾಲ್ಕೈದು ದಿನ ಖಾಲಿ ಬಿತ್ತಲ್ರೀ.

ಅಮ್ಮನಲೆಕ್ಕ · ಮೇ 2

ಅಮ್ಮನನ್ನು ಕೇಳಿದೆ. "ಮೂರನೇ ಸಂಕಷ್ಟಿ ಮುಂಚಿನ ಹುಣ್ಣಿಮೆಗೆ ಹಾಕಲಿ" ಅಂದರು.

ಮುಧೋಳದಓಟ · ಮೇ 2

ಸರಿ, ಮೊದಲ ಸಲ ಕೂಡಿ ಬಂತು. ಆಮೇಲೆ ಹುಣ್ಣಿಮೆಯಿಂದ ಎಣಿಸಬೇಕು. ಮೂರು ವರ್ಷದಲ್ಲಿ ಅಮಾವಾಸ್ಯೆ ದಾಟಿ ಎಲ್ಲೋ ಹೋಗಿರುತ್ತೀರಿ.

ಹಳೇಸೂಜಿ · ಮೇ 2

ಅಮ್ಮನವರಿಗೆ ನಮಸ್ಕಾರ. ತಿಂಗಳ ಮಾತ್ರೆಗೆ ಸಂಕಷ್ಟಿಯೇ ಸರಿ, ಮುಂದುವರಿಸಿ. ಹನ್ನೆರಡು ವಾರದ್ದಕ್ಕೆ ವಾರ ಹಿಡಿಯಿರಿ. ಸೋಮವಾರ ಹಾಕಿದ್ದರೆ ಮುಂದಿನದೂ ಸೋಮವಾರವೇ ಬರುತ್ತದೆ, ಹನ್ನೆರಡನೆಯದು. ಫೋನಿನಲ್ಲಿ ಒಂದು ಸಲ ಹಾಕಿಟ್ಟರೆ ಅದೇ ಕೂಗುತ್ತದೆ. ಮಾತ್ರೆಯನ್ನು ಒಂದು ವಾರ ಮೊದಲೇ ತಂದಿಡಿ. ನಮ್ಮಲ್ಲಿ ತಪ್ಪುತ್ತಿದ್ದದ್ದು ಮರೆವಿನಿಂದಷ್ಟೇ ಅಲ್ಲ, "ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ ಸಾರ್" ಅನ್ನೋದರಿಂದಲೂ.

ರಾಣಿ ಅಂದಿರಿ. ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗಿದೆಯಾ?

ಅಮ್ಮನಲೆಕ್ಕ · ಮೇ 2

ಆಗಿದೆ ಸರ್, ತಡವಾಗಿ, ಅದೂ ಪ್ರಾಣಕ್ಕೆ ಬಂದ ಮೇಲೆ. ಹೀಟ್ (ಬೆದೆ) ಆಗಿ ಒಂದೂವರೆ ತಿಂಗಳಿಗೆ ವಿಪರೀತ ನೀರು ಕುಡಿಯೋಕೆ ಶುರು ಮಾಡಿದಳು. ಬೇಸಿಗೆ ಅಂತ ಬಿಟ್ಟೆವು. ಗರ್ಭಕೋಶದ ತುಂಬ ಕೀವು. ಅದನ್ನು ತೆಗೆದಾಗ ಡಾಕ್ಟರು ಟ್ರೇಯಲ್ಲಿ ತೋರಿಸಿದರು, ನನ್ನ ಮುಂಗೈಯಷ್ಟು ದಪ್ಪ ಇತ್ತು.

ಕರಿಯನಮನೆ · ಮೇ 23

ಸುದ್ದಿ ಹೇಳಿ ಹೋಗೋಣ ಅಂತ ಬಂದೆ. 28 ದಿನದ ಕೋರ್ಸ್ ನಿನ್ನೆ ಮುಗಿಯಿತು. ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ. ಮೂರನೇ ದಿನವೇ ತಿನ್ನೋಕೆ ಶುರು ಮಾಡಿದ್ದ. ಒಂದು ವಾರಕ್ಕೆ ಅಮ್ಮ "ಚೆನ್ನಾಗಿದ್ದಾನಲ್ಲ, ಮಾತ್ರೆ ಸಾಕು" ಅಂದರು. ನಿಲ್ಲಿಸಲಿಲ್ಲ. ಪಪ್ಪಾಯಿ ಎಲೆ ರಸ ಕುಡಿಸಿ ಅಂತ ಅಕ್ಕಪಕ್ಕದ ಆರು ಜನ ಹೇಳಿದರು, ಅದನ್ನೂ ಮಾಡಲಿಲ್ಲ. ಇನ್ನೊಂದು ತಿಂಗಳಿಗೆ ಮತ್ತೆ ರಕ್ತ ನೋಡುತ್ತಾರಂತೆ.

ಬಾಗಿಲ ಚೌಕಟ್ಟಿನ ಸಂದಿಗೆಲ್ಲ ಪುಟ್ಟಿ ಮೆತ್ತಿದೆ. ಬೆಕ್ಕಿನ ಹೆಸರೂ ಪುಟ್ಟಿ ಆದ್ದರಿಂದ ಮನೆಯಲ್ಲಿ ದಿನಾ ಗಲಾಟೆ. ಅವಳಿಗೆ ಬೆಕ್ಕಿನದ್ದೇ ಔಷಧಿ ತಂದು ಹಾಕಿಸಿದೆವು, 3 ಕೆಜಿ 200 ಗ್ರಾಂ ತೂಕ ನೋಡಿ. ಮೊನ್ನೆ ಕರಿಯನ ಹಾಸಿಗೆಯ ಮೇಲೆ ಎರಡು ಸತ್ತ ಉಣ್ಣೆ ಸಿಕ್ಕವು. ಇಷ್ಟು ಸಂತೋಷ ಹುಳ ನೋಡಿ ಯಾವತ್ತೂ ಆಗಿರಲಿಲ್ಲ.

ಅಮ್ಮನಲೆಕ್ಕ · ಮೇ 23

ಮುಂದಿನ ಮಾತ್ರೆ ಯಾವತ್ತು? ಇಲ್ಲೇ ಬರೆಯಿರಿ, ನಾವೂ ನೆನಪಿಸುತ್ತೇವೆ.

ಕರಿಯನಮನೆ · ಮೇ 23

ಜುಲೈ 20, ಸೋಮವಾರ. ಕ್ಯಾಲೆಂಡರ್ ಈಗ ಫ್ರಿಜ್ ಬಾಗಿಲ ಮೇಲಿದೆ. ವಾರಕ್ಕೊಮ್ಮೆ ಹಿಂದುಗಡೆಯೂ ನೋಡುತ್ತೇನೆ.